ಅರಿಶಿನ ಎಷ್ಟು ಪರ್ಸೆಂಟ್?

ನಮ್ಮ ಸಂಘದಲ್ಲಿ ಯಾರಿಗೆ ಯಾವ ಕೆಲಸ ಎಂಬುದು ಯೋಗ್ಯತೆಯಿಂದ ನಿರ್ಧಾರವಾಗುವುದಿಲ್ಲ, ಲೋಕಲ್ ರೈಲಿನಿಂದ ನಿರ್ಧಾರವಾಗುತ್ತದೆ. ಅಧ್ಯಕ್ಷರು ಮೀರಾ ರೋಡು, ಕೋಶಾಧಿಕಾರಿ ಡೊಂಬಿವಲಿ, ಸಾಂಸ್ಕೃತಿಕ ಕಾರ್ಯದರ್ಶಿ ಭಾಂಡುಪ್. ನನ್ನ ಆಫೀಸು ಫೋರ್ಟಿನಲ್ಲಿ. ಹಾಗಾಗಿ ರಾಜ್ಯೋತ್ಸವ ಬಂತೆಂದರೆ, "ಬ್ಯಾನರ್ ನೀವೇ ಮಾಡಿಸಿಬಿಡಿ ಮಾರಾಯ್ರೆ, ನಿಮಗೆ ಅಲ್ಲೇ ಹತ್ತಿರ" ಎಂಬ ಠರಾವು ಚರ್ಚೆಯಿಲ್ಲದೆ ಪಾಸಾಗುತ್ತದೆ. ಫೋರ್ಟಿನಲ್ಲಿ ಎಲ್ಲವೂ ಹತ್ತಿರವೇ. ಹೈಕೋರ್ಟು ಕೂಡ ಹತ್ತಿರ, ಆದರೆ ಅಲ್ಲಿಗೂ ನನ್ನನ್ನು ಇವರು ಇನ್ನೂ ಕಳಿಸಿಲ್ಲ.

ಬ್ಯಾನರ್ ಮಾಡುವ ಬೋರಾ ಬಜಾರಿನ ಅಂಗಡಿಯ ಮುಂಭಾಗದಲ್ಲಿ ಝೆರಾಕ್ಸು. ವಕೀಲರ ಗುಮಾಸ್ತರು ಕಂತೆ ಕಂತೆ ಕಾಗದ ಹಿಡಿದು ಬೆವರುತ್ತಾ ನಿಂತಿರುತ್ತಾರೆ. ಅವರ ಮೊಣಕೈಗಳ ನಡುವಿನಿಂದ ನುಸುಳಿ ಒಳಗೆ ಹೋದರೆ ಆರಡಿ ಅಗಲದ ಪ್ರಿಂಟರು. ಶಾಯಿಯ ಘಾಟು ಮೂಗಿಗೆ ಅಡರಿದಾಗ, ಇದೇ ಫೋರ್ಟಿನಲ್ಲಿ 1822ರಲ್ಲಿ ಶುರುವಾದ 'ಮುಂಬೈ ಸಮಾಚಾರ' ಪತ್ರಿಕೆ ಇನ್ನೂ ಬರುತ್ತಿದೆ ಎಂಬುದು ನೆನಪಾಗಿ, ಇಷ್ಟು ವರ್ಷ ಕಪ್ಪು ಶಾಯಿಯಲ್ಲೇ ಎಷ್ಟು ಸುಖವಾಗಿತ್ತು ಪ್ರಪಂಚ ಅನ್ನಿಸುತ್ತದೆ. ಕಪ್ಪಿಗೆ ತಕರಾರು ಇರಲಿಲ್ಲ. ತಕರಾರೆಲ್ಲ ಹಳದಿಯದು.

ನಮ್ಮ ಬಾವುಟ ನೋಡಿ. ಮ. ರಾಮಮೂರ್ತಿಯವರು ಅರವತ್ತರ ದಶಕದಲ್ಲಿ ಕೊಟ್ಟದ್ದು. ಮೇಲೆ ಹಳದಿ, ಕೆಳಗೆ ಕೆಂಪು, ಅರಿಶಿನ-ಕುಂಕುಮ. ಕೇಳಲು ಚೆಂದ. ಆದರೆ ಪ್ರಿಂಟರಿಗೆ ಭಾವನೆ ಅರ್ಥವಾಗುವುದಿಲ್ಲ. ಅದಕ್ಕೆ ಪರ್ಸೆಂಟ್ ಬೇಕು. ರಾಷ್ಟ್ರಧ್ವಜಕ್ಕಾದರೆ ಈ ರಗಳೆ ಇಲ್ಲ. 1951ರಲ್ಲೇ ಅದಕ್ಕೊಂದು ಮಾನಕ ಬಂದು, 1968ರಲ್ಲಿ ತಿದ್ದುಪಡಿಯಾಗಿ, ಕೇಸರಿ ಎಂದರೆ ಎಷ್ಟು ಕೇಸರಿ, ಹಸಿರು ಎಂದರೆ ಎಷ್ಟು ಹಸಿರು ಎಂದು ಅಂಕಿಗಳಲ್ಲೇ ಬರೆದಿಟ್ಟಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜ ಹೊಲಿಯುವವರು ಆ ಅಂಕಿಗಳನ್ನು ದಾಟುವಂತಿಲ್ಲ. ಬಣ್ಣ ಒಂಚೂರು ಆಚೀಚೆಯಾದರೂ ಬಟ್ಟೆ ವಾಪಸು. ದೇಶದ ಬಾವುಟದ ಬಣ್ಣವನ್ನು ಅಷ್ಟು ನಿಯತ್ತಿನಿಂದ ಕಾಯುವ ಕನ್ನಡಿಗರು ಸ್ವಂತ ಬಾವುಟದ ವಿಷಯಕ್ಕೆ ಬಂದಾಗ "ಅರಿಶಿನದ ಹಾಗೆ" ಎಂದು ಕೈ ತೊಳೆದುಕೊಂಡಿದ್ದೇವೆ. ಯಾವ ಅರಿಶಿನ? ನಮ್ಮ ಕಮಿಟಿಯಲ್ಲೊಬ್ಬರು ಚಾಮರಾಜನಗರದವರು, ಅವರ ಪಾಲಿಗೆ ಊರಿನ ಗದ್ದೆಯದ್ದೇ ಅರಿಶಿನ. ಕೋಶಾಧಿಕಾರಿಯ ಮನೆಗೆ ಬರುವುದು ಸಾಂಗ್ಲಿಯದು. ಇಬ್ಬರೂ ಒಂದೊಂದು ಚಿಟಿಕೆ ಕಾಗದದಲ್ಲಿ ಕಟ್ಟಿ ನನಗೆ ಸ್ಯಾಂಪಲ್ ಕೊಟ್ಟಿದ್ದರು. ಎರಡನ್ನೂ ಒಂದೇ ಜೇಬಿನಲ್ಲಿಟ್ಟು ಚರ್ಚ್‌ಗೇಟ್ ಲೋಕಲ್ ಹತ್ತಿದ ಮೇಲೆ ಯಾವುದು ಯಾವುದೆಂಬ ಪ್ರಶ್ನೆಯೇ ಉಳಿಯಲಿಲ್ಲ.

ಮಶೀನು ನಡೆಸುವ ಹುಡುಗ ಆಜಂಗಢದವನು. ಇಪ್ಪತ್ತರ ಆಸುಪಾಸಿನ ವಯಸ್ಸು, ಎಪ್ಪತ್ತರ ತಾಳ್ಮೆ. "ಅಂಕಲ್, ಬರೀ ಯೆಲ್ಲೋ ನೂರು ಹಾಕಿದರೆ ನಿಂಬೆಹಣ್ಣು. ಹದಿನೈದು ಮೆಜೆಂಟಾ ಸೇರಿದರೆ ಹಲ್ದಿ. ಆದರೆ ಮೊದಲು ಕ್ಯಾಲಿಬ್ರೇಶನ್" ಎಂದ. ಏಕೆಂದು ಕೇಳಿದರೆ ರೋಲ್ ಬದಲಾಗಿದೆಯಂತೆ. ಫ್ಲೆಕ್ಸು ಬದಲಾದರೆ, ಶಾಯಿ ಬದಲಾದರೆ, ಹೆಡ್ಡು ಓಡಾಡುವ ಪಾಸು ಬದಲಾದರೂ ಹಳೆಯ ಪ್ರೊಫೈಲು ನಡೆಯುವುದಿಲ್ಲ. ನಮ್ಮ ಸಂಘದ ಬೈಲಾ ಇಷ್ಟು ಸಲ ಬದಲಾಗಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಅವನು ಮೊದಲು ನಾಝಲ್ ಚೆಕ್ ಮಾಡಿದ. ಸಣ್ಣ ಸಣ್ಣ ಗೆರೆಗಳು. ಸಯಾನಿನಲ್ಲಿ ಎರಡು ಗೆರೆ ನಾಪತ್ತೆ. ಹೆಡ್ ತೊಳೆದ. ಆಮೇಲೆ ಒಂದೊಂದೇ ಶಾಯಿಯ ಪಟ್ಟಿ, ತೆಳುವಿನಿಂದ ದಟ್ಟದವರೆಗೆ. ಹೋಟೆಲಿನಲ್ಲಿ ಅರ್ಧ ಕಪ್ ಎಂದರೆ ಮುಕ್ಕಾಲು ತಂದಿಡುವ ಮಾಣಿಯಂತೆ, ಐವತ್ತು ಪರ್ಸೆಂಟ್ ಎಂದರೆ ಪ್ರಿಂಟರು ಅರವತ್ತೈದು ಸುರಿದಿರುತ್ತದೆ. ಶಾಯಿ ಹರಡಿಕೊಳ್ಳುವುದು ಅದರ ಸ್ವಭಾವ. ಕೊಟ್ಟದ್ದೆಷ್ಟು, ಬಿದ್ದದ್ದೆಷ್ಟು ಎಂದು ಅಳೆದು ಲೆಕ್ಕ ಸರಿಮಾಡುವುದೇ ಕ್ಯಾಲಿಬ್ರೇಶನ್ನಿನ ಅರ್ಧ ಭಾಗ. ನಾಲ್ಕು ಶಾಯಿಯನ್ನೂ ಪೂರ್ತಿ ಬಿಟ್ಟರೆ ಒಟ್ಟು 400 ಪರ್ಸೆಂಟ್. ಅಷ್ಟು ಕುಡಿಯುವ ಫ್ಲೆಕ್ಸು ಹುಟ್ಟಿಲ್ಲ, ಹಾಗಾಗಿ ಅದಕ್ಕೂ ಒಂದು ಮಿತಿ. ಕೊನೆಗೆ ನೂರಾರು ಚೌಕಗಳ ಬಣ್ಣದ ಹಾಳೆ. ಅದು ಒಣಗಬೇಕು. ಒಣಗುವವರೆಗೆ ಚಹಾ. ಅಕ್ಟೋಬರಿನ ಮುಂಬಯಿಯಲ್ಲಿ ಒಣಗುವ ಶಕ್ತಿ ಇರುವುದು ಗಂಟಲಿಗೆ ಮಾತ್ರ.

ಒಣಗಿದ ಮೇಲೆ ಅಂಗೈಯಗಲದ ಒಂದು ಉಪಕರಣ ತೆಗೆದು ಚೌಕಗಳ ಮೇಲೆ ಓಡಿಸಿದ. ಸ್ಪೆಕ್ಟ್ರೋಫೋಟೋಮೀಟರ್. ಅದು ತನ್ನದೇ ಬೆಳಕು ಬಿಟ್ಟು, ಮರಳಿ ಬಂದದ್ದನ್ನು ಅಳೆದು ಮೂರು ಅಂಕಿ ಹೇಳುತ್ತದೆ: ಎಷ್ಟು ಬೆಳಗು, ಕೆಂಪೋ ಹಸಿರೋ, ಹಳದಿಯೋ ನೀಲಿಯೋ. 1976ರಲ್ಲಿ ಜಗತ್ತಿನ ಬೆಳಕಿನ ಪಂಡಿತರು ಕೂತು ಒಪ್ಪಿಕೊಂಡ ಲೆಕ್ಕ ಇದು. ಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ದೂರಕ್ಕೆ ಡೆಲ್ಟಾ ಈ ಎಂದು ಹೆಸರು. ಅದು ಒಂದರ ಆಸುಪಾಸಿದ್ದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ; ಬ್ಯಾನರಿಗೆ ಮೂರು ನಾಲ್ಕು ಬಂದರೂ ಮರ್ಯಾದೆಗೆ ಕೊರತೆಯಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರು ಇದೇ ಊರಿನಲ್ಲಿ ಕಣ್ಣಂದಾಜಿನಲ್ಲೇ ಬಣ್ಣ ಬೆರೆಸಿ ಲೋಕಪ್ರಸಿದ್ಧರಾದರು, ಅವರ ಡೆಲ್ಟಾವನ್ನು ಯಾರೂ ಕೇಳಲಿಲ್ಲ. ಅವರ ಕಮಿಟಿಯಲ್ಲಿ ಕೋಶಾಧಿಕಾರಿ ಇರಲಿಲ್ಲ.

ನಮ್ಮ ಕೋಶಾಧಿಕಾರಿ ಅಧ್ಯಕ್ಷರ ಸಮೇತ ಅಷ್ಟರಲ್ಲಿ ಬಂದೇಬಿಟ್ಟರು. ಸ್ಯಾಂಪಲ್ ತುಂಡನ್ನು ಒಳಗಿನ ಟ್ಯೂಬ್‌ಲೈಟಿನಲ್ಲಿ ನೋಡಿ "ಹಸಿರು ಹೊಡೀತದೆ" ಎಂದರು. ಹೊರಗೆ ಬಿಸಿಲಿಗೆ ಒಯ್ದು "ಕೇಸರಿ ಆಯ್ತಲ್ಲ" ಎಂದರು. ಹುಡುಗ, ಬಣ್ಣ ನೋಡಲೆಂದೇ 5000 ಕೆಲ್ವಿನ್ನಿನ ಬೆಳಕು ಇರುತ್ತದೆ, ಅದರ ಕೆಳಗೆ ನೋಡಬೇಕು ಎಂದ. "ನಮ್ಮ ಹಾಲಿನಲ್ಲಿ ಅಷ್ಟು ಕೆಲ್ವಿನ್ ಇಲ್ಲ" ಎಂದು ಕೋಶಾಧಿಕಾರಿ, ಬಾಡಿಗೆ ಏರಿಸುತ್ತಾರೇನೋ ಎಂಬ ಧಾಟಿಯಲ್ಲಿ ಹೇಳಿದರು. ಅಧ್ಯಕ್ಷರು ಮೊಬೈಲು ತೆಗೆದು, "ವಾಟ್ಸಾಪಿನಲ್ಲಿ ಬಂದ ಡಿಸೈನು ಹೇಗಿದೆ ನೋಡಿ, ಹಾಗೇ ಬರಬೇಕು" ಎಂದು ಪಟ್ಟು ಹಿಡಿದರು. ಹುಡುಗ ಆ ಮೊಬೈಲನ್ನು ವಿನಯದಿಂದ ತೆಗೆದುಕೊಂಡು, ಕಣ್ಣಿನ ರಕ್ಷಣೆಗೆಂದು ಮೊಮ್ಮಗ ಹಾಕಿಕೊಟ್ಟಿದ್ದ ಹಳದಿ ಫಿಲ್ಟರನ್ನು ಆರಿಸಿ ವಾಪಸು ಕೊಟ್ಟ. ಅಧ್ಯಕ್ಷರು ಒಂದು ಗಳಿಗೆ ತಮ್ಮ ಮೊಬೈಲನ್ನೇ ಗುರುತಿಸಲಿಲ್ಲ.

ಬಾವುಟ ಪಾಸಾಯಿತು. ಉಳಿದದ್ದು ಬ್ಯಾನರಿನ ಬಲತುದಿಯಲ್ಲಿದ್ದ ಅಧ್ಯಕ್ಷರ ಭಾವಚಿತ್ರ.

"ಇದು ಯಾರು?" ಎಂದರು.

"ನೀವೇ."

"ಇಷ್ಟು ಕಪ್ಪೇ? ಮಶೀನಿನಲ್ಲಿ ಏನೋ ಫಾಲ್ಟ್ ಇದೆ."

ಹುಡುಗ ವಾದಕ್ಕೆ ಹೋಗಲಿಲ್ಲ. ಉಪಕರಣ ಎತ್ತಿಕೊಂಡು ಬಂದು, "ಸಾಬ್, ಒಂದು ನಿಮಿಷ" ಎಂದು ಅಧ್ಯಕ್ಷರ ಕೆನ್ನೆಗೆ ಒತ್ತಿದ. ಕಿಣಿಕ್ ಎಂದಿತು. ಅದನ್ನೇ ಫ್ಲೆಕ್ಸಿನ ಮೇಲಿನ ಕೆನ್ನೆಗೆ ಒತ್ತಿದ. ಮತ್ತೆ ಕಿಣಿಕ್. "ಡೆಲ್ಟಾ ಎರಡು. ಇಡೀ ಬ್ಯಾನರಿನಲ್ಲಿ ಇಷ್ಟು ಸರಿಯಾಗಿ ಬಂದಿರುವುದು ಇದೊಂದೇ."

ಅಧ್ಯಕ್ಷರು ಕೆನ್ನೆ ಒರೆಸಿಕೊಂಡರು. ಕೋಶಾಧಿಕಾರಿ ಫ್ಯಾನು ನೋಡಿದರು. ಹುಡುಗ ನಮ್ಮ ಮೂವರ ಮುಖ ನೋಡಿ, ಏನೂ ಹೇಳದೆ ಕಂಪ್ಯೂಟರಿನ ಮುಂದೆ ಕೂತು ಒಂದು ಗೆರೆಯನ್ನು ಮೇಲಕ್ಕೆಳೆದು ಇನ್ನೊಂದು ತುಂಡು ಪ್ರಿಂಟ್ ತೆಗೆದ.

"ಈಗ ಎಷ್ಟು?" ಎಂದು ನಾನು ಕೇಳಿದೆ.

"ಹದಿನಾರು."

ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ಹಾಂ, ಈಗ ನೋಡಿ, ಕರೆಕ್ಟ್ ಬಂತು" ಎಂದವರೇ, ನನ್ನತ್ತ ತಿರುಗಿ, "ಹುಡುಗನಿಗೆ ಕಟಿಂಗ್ ಚಹಾ ಹೇಳಿ" ಎಂದರು.