ಆಟದಲ್ಲೂ ಕಸಮುಸುರೆ

ವಿಡಿಯೊ ಗೇಮಿನ ಡಬ್ಬದ ಮೇಲೆ ಕತ್ತಿ ಹಿಡಿದ ಹುಡುಗನ ಚಿತ್ರ ಇರುತ್ತದೆ. ಒಳಗೆ ಹೊಕ್ಕು ನೋಡಿದರೆ ಆ ಹುಡುಗ ಒಲೆಯ ಮುಂದೆ ನಿಂತು ಅಣಬೆ ಹುರಿಯುತ್ತಿರುತ್ತಾನೆ. ನಾನು ಹೇಳುತ್ತಿರುವುದು ‘ಜೆಲ್ಡಾ’ದ ಮಾತು, 2017ರಲ್ಲಿ ಬಂದ ‘ಬ್ರೆತ್ ಆಫ್ ದ ವೈಲ್ಡ್’. ಅಲ್ಲಿ ಅರಮನೆಯೊಳಗೆ ರಾಜಕುಮಾರಿ ನೂರು ವರ್ಷದಿಂದ ರಾಕ್ಷಸನನ್ನು ಒಬ್ಬಳೇ ತಡೆದು ನಿಂತಿದ್ದಾಳೆ. ನಮ್ಮ ನಾಯಕ ಇತ್ತ ಬಾಣಲೆಗೆ ಐದು ಪದಾರ್ಥದ ತನಕ ಸುರಿದು, ಹಾಡು ಗುನುಗುತ್ತಾ ಕಾಯುತ್ತಾನೆ. ಕೈಗೆ ಸಿಕ್ಕ ರಾಕ್ಷಸನ ಕೊಂಬು, ಹಲ್ಲು ಎಲ್ಲ ಸೇರಿಸಿ ಬೇಯಿಸಿದರೆ ಬರುವ ಪದಾರ್ಥವನ್ನು ಪರದೆಯೇ ನಾಚಿಕೊಂಡು ಮಸುಕು ಮಾಡಿ ತೋರಿಸುತ್ತದೆ. ಗೋರಾನ್ ಮಸಾಲೆ ಅಂತ ಒಂದು ಸಿಗುತ್ತದೆ. ಅನ್ನದ ಜೊತೆ ಹಾಕಿದರೆ ಪಲಾವಿನ ಹತ್ತಿರದ ಏನೋ ಒಂದು ಆಗುತ್ತದೆ. ನಾನು ಆ ಮಸಾಲೆ ಹುಡುಕಿಕೊಂಡು ಜ್ವಾಲಾಮುಖಿ ಹತ್ತಿದ್ದೆ. ಫೋನಿನಲ್ಲಿ ಮಗ ಕೇಳಿದ, “ಅಮ್ಮ, ಇನ್ನೂ ಯುದ್ಧಕ್ಕೇ ಹೋಗಿಲ್ವಾ?”

“ಹೋಗ್ತೀನಿ ಮಾರಾಯ, ಅಡುಗೆ ಆಗ್ಲಿ.”

ಮಗ ಓದಲು ಹೋಗುವಾಗ ಸ್ವಿಚ್, ಎಕ್ಸ್‌ಬಾಕ್ಸ್ ಎರಡನ್ನೂ ಮನೆಯಲ್ಲೇ ಬಿಟ್ಟು ಹೋದ. ನಾವಿರುವ ಕೆನಡಾದ ಮಿಸ್ಸಿಸಾಗದಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ ಐದಕ್ಕೆ ಮೊದಲೇ ಕತ್ತಲು. ಅಲ್ಲಿಂದ ಮಲಗುವ ಹೊತ್ತಿನ ತನಕ ಮನುಷ್ಯರು ಏನಾದರೂ ಮಾಡಬೇಕಲ್ಲ. ಹಾಗಾಗಿ ಈ ಚಳಿಗಾಲ ಪೂರ್ತಿ ಆಡಿದೆ. ಆಡಿ ತಿಳಿದುಕೊಂಡಿದ್ದು ಇಷ್ಟೇ: ಇವೆಲ್ಲ ಮನೆಗೆಲಸ. ಉಳುವುದು, ಬೇಯಿಸುವುದು, ತೊಳೆಯುವುದು, ಸಾಲ ತೀರಿಸುವುದು. ಮನೆಯಲ್ಲಿ ಬೇಡಿಕೊಂಡರೂ ಯಾರೂ ಮಾಡದ ಕೆಲಸಕ್ಕೆ ಒಂದಿಷ್ಟು ಸಂಗೀತ ಹಾಕಿ, ಅಂಕ ಕೊಟ್ಟು, ಬಣ್ಣದ ಡಬ್ಬದಲ್ಲಿ ಮಾರುತ್ತಾರೆ.

ನಂಬಿಕೆ ಬರದಿದ್ದರೆ ‘ಪವರ್‌ವಾಶ್ ಸಿಮ್ಯುಲೇಟರ್’ ನೋಡಿ, 2022ರದ್ದು. ಪೈಪಿನಿಂದ ಜೋರಾಗಿ ನೀರು ಬಿಟ್ಟು ಕೊಳೆ ತೊಳೆಯುವುದು, ಅಷ್ಟೇ ಆಟ. ಮೊದಲು ಒಂದು ವ್ಯಾನು, ಆಮೇಲೆ ಹಿತ್ತಲು, ಆಮೇಲೆ ಆಟದ ಬಯಲು. ಒಂದೊಂದು ಭಾಗ ಶುದ್ಧವಾದಾಗಲೂ ‘ಟಿಣ್’ ಎಂದು ಗಂಟೆ. ನನ್ನ ಮಗ ರಾತ್ರಿಯೆಲ್ಲ ಕೂತು ಈ ವ್ಯಾನಿನ ಚಕ್ರದ ಸಂದಿಯನ್ನು ತೊಳೆದವನು. ಅದೇ ಕಾಲದಲ್ಲಿ ಅವನ ಬಚ್ಚಲು ಹೇಗಿತ್ತು ಎನ್ನುವುದನ್ನು ನಾನು ಬರೆಯಲಾರೆ, ಪತ್ರಿಕೆಯವರು ಹಾಕಲಾರರು.

‘ಎಲ್ಡನ್ ರಿಂಗ್’ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಅದೂ 2022ರದ್ದೇ, ಹುಡುಗರು ಅದರ ಹೆಸರು ಕೇಳಿದರೆ ಕೈ ಮುಗಿಯುತ್ತಾರೆ. ಹೊರಗೆ ಬಯಲಿಗೆ ಬಂದ ಕೂಡಲೇ ಚಿನ್ನದ ಕವಚ ತೊಟ್ಟ ಕುದುರೆ ಸವಾರ ಎದುರಾಗುತ್ತಾನೆ. ಹೊಡೆಯುತ್ತಾನೆ. ನೀವು ಸತ್ತಿದ್ದೀರಿ ಎಂದು ಪರದೆ ಕೆಂಪಕ್ಷರದಲ್ಲಿ ತಿಳಿಸುತ್ತದೆ. ಸೋಫಾದ ತುದಿಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ ತಲೆ ಎತ್ತಿ, “ಅವನ ತಂಟೆಗೆ ಹೋಗದೆ ಸುತ್ತು ಹಾಕಿಕೊಂಡು ಹೋಗೋಕಾಗಲ್ವೇನೇ?” ಎಂದರು. ಬಲ್ಲವರ ಸಲಹೆಯೂ ಸರಿಯಾಗಿ ಅದೇ ಎಂದು ಆಮೇಲೆ ಮಗ ಹೇಳಿದ. ಅಲ್ಲಿ ಮನೆಗೆಲಸ ಇಲ್ಲ, ಸಾವು ಮಾತ್ರ. ನನ್ನ ವಾದಕ್ಕೆ ಒಗ್ಗದ ಆಟ, ಬಿಟ್ಟುಬಿಟ್ಟೆ.

ಅತ್ತೆ ಸೂಪರ್ ವೀಸಾದಲ್ಲಿ ಬಂದವರು. ಆ ವೀಸಾದಲ್ಲಿ ಒಂದು ಸಲ ಬಂದರೆ ಐದು ವರ್ಷದ ತನಕ ಇರಬಹುದು. ಅವರಿಗೆ ಒಂದು ಚಳಿಗಾಲವೇ ಐದು ವರ್ಷದಷ್ಟು ಉದ್ದ ಕಾಣುತ್ತಿತ್ತು. ಸಾಗರದ ಕಡೆಯ ಅಡಿಕೆ ತೋಟದವರು, ಹಿಮ ನೋಡಿಕೊಂಡು ಎಷ್ಟು ಹೊತ್ತು ಕೂತಾರು? ‘ಸ್ಟಾರ್‌ಡ್ಯೂ ವ್ಯಾಲಿ’ ಶುರು ಮಾಡಿದ್ದು ಅವರನ್ನು ಒಲಿಸಲೆಂದೇ. ಎರಿಕ್ ಬರೋನ್ ಎನ್ನುವ ಹುಡುಗ ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ವರ್ಷಗಟ್ಟಲೆ ಒಬ್ಬನೇ ಕೂತು ಮಾಡಿ 2016ರಲ್ಲಿ ತಂದ ಆಟ. ಅದರಲ್ಲಿ ಕಂಪನಿ ಕೆಲಸಕ್ಕೆ ಬೇಸತ್ತವನಿಗೆ ತೀರಿಹೋದ ಅಜ್ಜ ಬಿಟ್ಟುಹೋದ ಜಮೀನು ಸಿಗುತ್ತದೆ, ಬಿಟ್ಟು ಓಡುತ್ತಾನೆ. ಬೆಂಗಳೂರಿನಲ್ಲಿ, ಟೊರಾಂಟೊದಲ್ಲಿ, ಸನ್ನಿವೇಲ್‌ನಲ್ಲಿ ಕೂತ ನಮ್ಮವರೆಲ್ಲ ವಾರಾಂತ್ಯದ ಊಟ ಮುಗಿಸಿ ಎಲೆ ಅಡಿಕೆ ಹಾಕುವಾಗ ಹೇಳುವ ಕಥೆಯೇ ಇದು. ಈತ ಮಾತ್ರ ನಿಜವಾಗಿ ಹೋದ.

ಮೊದಲ ದಿನ ಊರ ಮೇಯರು ಹದಿನೈದು ಪಾರ್ಸ್‌ನಿಪ್ ಬೀಜ ಕೊಡುತ್ತಾನೆ. ನಾಲ್ಕು ದಿನಕ್ಕೆ ಗೆಡ್ಡೆ. ಅತ್ತೆ ನಕ್ಕರು. ಹತ್ತು ದಿನಕ್ಕೆ ಕಾಫಿ ಗಿಡ ಫಲ ಬಿಡುತ್ತದೆ, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು ಎಂದಾಗ ನಗು ನಿಂತಿತು. “ಕೊಪ್ಪದಲ್ಲಿರುವ ನನ್ನ ತಂಗಿಗೆ ಈ ಜಾತಿ ಬೀಜ ಸಿಗುತ್ತಾ ಕೇಳು” ಎಂದರು. ಕೊಳೆರೋಗ ಇಲ್ಲ, ಬೋರ್ಡೋ ಹೊಡೆಯುವುದಿಲ್ಲ, ಕೊನೆಗಾರನ ಮನೆಗೆ ಹತ್ತು ಸಲ ಅಲೆಯುವುದಿಲ್ಲ. ಕಾಗೆಗಳು ಬರುತ್ತವೆ, ಒಂದು ಬೆರ್ಚಪ್ಪ ನೆಟ್ಟರೆ ಮುಗಿಯಿತು. ಮಂಗಗಳೇ ಇಲ್ಲ! ಮಂಗವಿಲ್ಲದ ಕೃಷಿಯನ್ನು ಕೃಷಿ ಎಂದು ಒಪ್ಪಲು ಅತ್ತೆ ಕೊನೆಗೂ ಸಿದ್ಧರಾಗಲಿಲ್ಲ. ಬುಧವಾರ ಬೀಜದಂಗಡಿ ರಜ ಎನ್ನುವುದೊಂದೇ ಅವರಿಗೆ ನಂಬುವ ಹಾಗೆ ಕಂಡ ಸಂಗತಿ.

ನನಗೆ ಹಿಡಿಸಿದ್ದು ಬೇರೆ. ಆ ಊರಿನಲ್ಲಿ ಮದುವೆಯಾದರೆ ಗಂಡ ಒಂದೊಂದು ದಿನ ಬೆಳಿಗ್ಗೆ ನಾವು ಏಳುವುದರೊಳಗೆ ಗಿಡಗಳಿಗೆ ನೀರು ಹಾಕಿರುತ್ತಾನೆ, ದನಕ್ಕೆ ಹುಲ್ಲು ಹಾಕಿರುತ್ತಾನೆ. ಬೇಲಿಯನ್ನೂ ಸರಿಮಾಡಿರುತ್ತಾನೆ. ನಮ್ಮವರನ್ನು ಕರೆದು ತೋರಿಸಿದೆ.

“ರೀ, ನೋಡಿ.”

ಅವರು ಕನ್ನಡಕ ಏರಿಸಿ ನೋಡಿ, “ಗ್ರಾಫಿಕ್ಸ್ ಸ್ವಲ್ಪ ಹಳೇದು ಅಲ್ವಾ?” ಎಂದರು.

ಅತ್ತೆಯ ಮನಸ್ಸು ಪೂರ್ತಿ ಹೋದದ್ದು ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಮೇಲೆ. 2020ರ ಮಾರ್ಚಿನಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಬಂದ ಆಟ. ಟಾಮ್ ನೂಕ್ ಎನ್ನುವ ಪ್ರಾಣಿ ನಿಮ್ಮನ್ನು ದ್ವೀಪಕ್ಕೆ ಕರೆತಂದು 49,800 ಬೆಲ್ ಸಾಲ ತಲೆಗೆ ಕಟ್ಟುತ್ತಾನೆ. ಅದು ತೀರಿದರೆ ಗುಡಾರ ಬಿಟ್ಟು ಮನೆ ಕಟ್ಟಿಸಲು 98,000. ಹುಡುಗರೆಲ್ಲ ಅವನನ್ನು ಬಡ್ಡಿಕೋರ ಎಂದು ಬೈಯುತ್ತಾರೆ. ಬಡ್ಡಿ ಎಲ್ಲಿದೆ? ಅವನು ಒಂದು ಬೆಲ್ ಬಡ್ಡಿ ಹಾಕುವುದಿಲ್ಲ, ಗಡುವೂ ಇಲ್ಲ. ಕೆನಡಾದಲ್ಲಿ 2022ರ ಆರಂಭದಲ್ಲಿ ಶೇ 0.25 ಇದ್ದ ಬಡ್ಡಿದರ 2023ರ ಜುಲೈಗೆ ಶೇ 5 ಆಯಿತು, ನಮ್ಮ ಮನೆಸಾಲ ನವೀಕರಣಕ್ಕೆ ಬಂದಿದ್ದು ಸರಿಯಾಗಿ ಅದಾದ ಮೇಲೆ. ಅಂಥ ಹೊತ್ತಿನಲ್ಲಿ ಟಾಮ್ ನೂಕ್ ನಮ್ಮವರ ಕಣ್ಣಿಗೆ ದೇವರ ಹಾಗೆ ಕಂಡ. ಅವನ ಮಾತನ್ನು ಮೌನವಾಗಿ ಎರಡೆರಡು ಸಲ ಓದುತ್ತಿದ್ದರು.

ಆ ದ್ವೀಪದಲ್ಲಿ ಟರ್ನಿಪ್ ವ್ಯಾಪಾರ ಇದೆ. ಭಾನುವಾರ ಬೆಳಿಗ್ಗೆ, ಮಧ್ಯಾಹ್ನದೊಳಗೆ, ಮೂಗು ಸೋರುವ ಒಂದು ಹಂದಿ ಮರಿ ಬಂದು ಮಾರುತ್ತದೆ. ಸೋಮವಾರದಿಂದ ಶನಿವಾರದ ತನಕ ನಾವು ಕೊಂಡ ಟರ್ನಿಪ್ಪನ್ನು ಅಂಗಡಿಯಲ್ಲಿ ಮಾರಬಹುದು, ದಿನಕ್ಕೆ ಎರಡು ಸಲ ದರ ಬದಲು. ಇದನ್ನು ಕೇಳಿದ್ದೇ ತಡ, ಅತ್ತೆ ಬತ್ತಿ ಹೊಸೆಯುವುದು ಬಿಟ್ಟು ನೆಟ್ಟಗೆ ಕೂತರು. ಮಾರನೇ ದಿನದಿಂದ ಕಾಫಿ ಲೋಟ ಹಿಡಿದು ಮೊದಲು ಕೇಳುವ ಮಾತು, “ಇವತ್ತಿನ ಧಾರಣೆ ಎಷ್ಟು?”

“ತೊಂಬತ್ತೆರಡು ಅತ್ತೆ. ಕೊಟ್ಟುಬಿಡಲಾ?”

“ಕೊಡಬೇಡ. ಇದು ಮಂಡಿಯವರು ಬೇಕಂತ ಇಳಿಸಿದ್ದು. ತಡಿ.”

ಅಡಿಕೆಯನ್ನು ಚೀಲ ಕಟ್ಟಿ ಅಟ್ಟಕ್ಕೆ ಹಾಕಿದರೆ ಮುಂದಿನ ವರ್ಷದ ತನಕ ಕೂರುತ್ತದೆ. ಧಾರಣೆ ಏರಲಿ ಎಂದು ಕಾದು ಕಾದು, ಇಳಿದ ಮೇಲೆ ಮಾರಿ, ಊರೆಲ್ಲ ಒಟ್ಟಿಗೆ ಮರುಗುವುದೇ ನಮ್ಮ ಕಡೆಯ ಸಂಪ್ರದಾಯ. ಟರ್ನಿಪ್ ಹಾಗಲ್ಲ, ಮುಂದಿನ ಭಾನುವಾರಕ್ಕೆ ಕೊಳೆತು ಇರುವೆ ಮುತ್ತುತ್ತದೆ. ಗುರುವಾರ ನೂರ ನಲವತ್ತು ಆಯಿತು, ಅತ್ತೆ ತಡಿ ಎಂದರು. ಶುಕ್ರವಾರ ಎಂಬತ್ತು, ತಡಿ. ಶನಿವಾರ ರಾತ್ರಿ ನಲವತ್ತಕ್ಕೂ ಕೊಡಲು ಬಿಡಲಿಲ್ಲ. ಭಾನುವಾರ ಇರುವೆ ಮುತ್ತಿದ ರಾಶಿಯನ್ನು ನೋಡಿ, “ಸರ್ಕಾರ ಬೆಂಬಲ ಬೆಲೆ ಘೋಷಿಸಬೇಕಿತ್ತು” ಎಂದು ಎದ್ದು ಸ್ನಾನಕ್ಕೆ ಹೋದರು.

ನಮ್ಮವರನ್ನು ಆಟಕ್ಕೆ ಎಳೆದಿದ್ದು ‘ಓವರ್‌ಕುಕ್ಡ್’. ಇಂಗ್ಲೆಂಡಿನ ಇಬ್ಬರು ಗೆಳೆಯರು ಸೇರಿ 2016ರಲ್ಲಿ ತಂದದ್ದು. ಈರುಳ್ಳಿ ಹೆಚ್ಚು, ಬೇಯಿಸು, ತಟ್ಟೆಗೆ ಹಾಕು, ಕೊಡು. ಎಂಜಲು ತಟ್ಟೆ ವಾಪಸ್ ಬರುತ್ತದೆ, ತೊಳಿ. ಒಲೆ ಮೇಲಿನದ್ದು ಮರೆತರೆ ಬೆಂಕಿ. ಇದರಲ್ಲಿ ಕಲಿಯಲು ನನಗೆ ಏನಿದೆ? ನಮ್ಮವರು ಮಾತ್ರ ಆಫೀಸಿನಲ್ಲಿ ಹನ್ನೆರಡು ಜನರ ತಂಡ ನಡೆಸುವವರು. “ಮೊದಲು ಪ್ರೊಸೆಸ್ ಮಾಡ್ಕೊಳ್ಳೋಣ ಕಣೇ. ಹೆಚ್ಚೋದು ನಂದು, ಉಳಿದಿದ್ದೆಲ್ಲ ನಿಂದು” ಎಂದರು. ಈ ಪ್ರೊಸೆಸ್ ನಮ್ಮ ಮನೆಯಲ್ಲಿ ಮದುವೆಯಾದ ದಿನದಿಂದ ಇದೆ, ಹೆಚ್ಚುವ ಭಾಗ ಒಂದು ಬಿಟ್ಟು.

ಆಮೇಲಿನ ಒಂದು ಹಂತದಲ್ಲಿ ಅಡುಗೆಮನೆ ಓಡುತ್ತಿರುವ ಲಾರಿಗಳ ಮೇಲಿದೆ. ಲಾರಿಗಳು ಹತ್ತಿರ ಬಂದಾಗ ದಾಟಬೇಕು, ದೂರವಾದಾಗ ಕಾಯಬೇಕು. ಇವರು ಹೆಚ್ಚಿದ ಪದಾರ್ಥವನ್ನೆಲ್ಲ ಒಂದು ಲಾರಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿ, ತಾವು ಇನ್ನೊಂದಕ್ಕೆ ದಾಟಿ, “ಈಗ ಏನು ಮಾಡ್ಲಿ?” ಎಂದು ಕೇಳಿದರು. ಒಲೆಗೆ ಬೆಂಕಿ ಹತ್ತಿತು. “ರೀ, ಬೆಂಕಿ ಆರಿಸಿ” ಎಂದೆ. ಅವರು ಎದ್ದು ನಿಂತು ನಮ್ಮ ನಿಜವಾದ ಅಡುಗೆಮನೆಗೆ ಓಡಿದರು. ಅಲ್ಲಿ ಏನೂ ಉರಿಯುತ್ತಿರಲಿಲ್ಲ. ಬಂದವರು ಹೋದ ಕೈಯಲ್ಲೇ ಒಂದು ಹಿಡಿ ಗೋಡಂಬಿ ತಂದಿದ್ದರು.

ಇನ್ನು ‘ವೆನ್ಬಾ’. ಇದರ ಬಗ್ಗೆ ನನಗೆ ಪ್ರೀತಿಯೂ ಇದೆ, ತಕರಾರೂ ಇದೆ. ನಮ್ಮ ಪಕ್ಕದ ಟೊರಾಂಟೊದಲ್ಲೇ ತಯಾರಾಗಿ 2023ರಲ್ಲಿ ಬಂತು, ಮಾರನೇ ವರ್ಷ ಚೊಚ್ಚಲ ಆಟಕ್ಕಿರುವ ಬಾಫ್ಟಾ ಪ್ರಶಸ್ತಿಯನ್ನೂ ಪಡೆಯಿತು. 1980ರ ದಶಕದಲ್ಲಿ ಕೆನಡಾಕ್ಕೆ ಬಂದ ತಮಿಳು ಗಂಡ ಹೆಂಡತಿ, ಅವರ ಮಗ, ಊರಿಂದ ತಂದ ಅಮ್ಮನ ಹರಿದ ಅಡುಗೆ ಪುಸ್ತಕ. ಅಳಿಸಿಹೋದ ಸಾಲುಗಳನ್ನು ಊಹಿಸಿ ಇಡ್ಲಿ, ಪುಟ್ಟು, ಬಿರಿಯಾನಿ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲ ಕಡೆಗೂ ಹೋಗುತ್ತದೆ ಎನ್ನುವುದೇ ಮೊದಲ ಒಗಟು. ಇಲ್ಲಿನ ಹುಡುಗರು ಅದಕ್ಕೆ ತಲೆ ಕೆರೆದುಕೊಂಡರಂತೆ. ಅತ್ತೆ ಕಣ್ಣು ಬಿಡುವುದರೊಳಗೆ ಹೇಳಿಬಿಟ್ಟರು.

ತಕರಾರು ಏನೆಂದರೆ, ಈ ದೇಶದಲ್ಲಿ ಇಡ್ಲಿಯ ಒಗಟು ತಟ್ಟೆ ಜೋಡಿಸುವುದಲ್ಲ, ಹಿಟ್ಟು ಉಬ್ಬಿಸುವುದು. ಜನವರಿಯಲ್ಲಿ ಹಿಟ್ಟಿನ ಪಾತ್ರೆಗೆ ಶಾಲು ಹೊದಿಸಿ, ಅವನ್ ಒಳಗಿಟ್ಟು, ಒಳಗಿನ ದೀಪ ಹಚ್ಚಿ, ಬಾಗಿಲಿಗೆ ‘ಹಿಟ್ಟಿದೆ, ಆನ್ ಮಾಡಬೇಡಿ’ ಎಂದು ಚೀಟಿ ಅಂಟಿಸದ ಕನ್ನಡದ ಮನೆ ಒಂಟಾರಿಯೊದಲ್ಲಿ ಉಂಟೇ? ಆ ಚೀಟಿ ಓದದೆ ಪಿಜ್ಜಾಕ್ಕೆಂದು ಅವನ್ ಹಚ್ಚುವ ಮಗನೇ ನಿಜವಾದ ಖಳನಾಯಕ. ಅಂಥದ್ದೊಂದು ಹಂತ ಇರಬೇಕಿತ್ತು.

ನಮ್ಮ ಕಡೆಯವರು ಇಂಥ ಆಟ ಮಾಡಿದರೆ ಕೊನೆಯ ಹಂತಕ್ಕೆ ತೊಡೆದೇವು ಇಡಬೇಕೆಂದು ಅತ್ತೆಯ ಅಭಿಪ್ರಾಯ. ಬೋರಲು ಹಾಕಿದ ಕಾದ ಗಡಿಗೆ, ಕಬ್ಬಿನ ಹಾಲು ಸೇರಿಸಿದ ಅಕ್ಕಿ ಹಿಟ್ಟು, ಕೋಲಿಗೆ ಸುತ್ತಿದ ಬಟ್ಟೆ. ಒಂದೇ ಎಳೆತಕ್ಕೆ ಗಡಿಗೆ ಸುತ್ತ ಹಿಟ್ಟು ಬಳಿಯಬೇಕು, ಕಾಗದದಷ್ಟು ತೆಳು, ಹರಿಯದೆ ಎತ್ತಿ ಮಡಚಬೇಕು. ಆ ಚಿನ್ನದ ಕುದುರೆ ಸವಾರನನ್ನು ಗೆದ್ದವರೂ ಇದರ ಮುಂದೆ ಮಂಡಿಯೂರುತ್ತಾರೆ. ನಾನಂತೂ ಯಾವತ್ತೂ ಗೆದ್ದಿಲ್ಲ, ಅತ್ತೆಯೂ ನೆನಪಿಸುವುದನ್ನು ಮರೆಯುವುದಿಲ್ಲ.

ಮನೆಗೆಲಸವಿಲ್ಲದ ಆಟ ಬೇಕೆಂದು ಕೊನೆಗೆ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಹಾಕಿದೆ, 2020ರದ್ದು. ಉಪಗ್ರಹದ ಚಿತ್ರಗಳ ಮೇಲೆ ಇಡೀ ಭೂಮಿಯನ್ನೇ ಕಟ್ಟಿದ್ದಾರೆ, ಎಲ್ಲಿ ಬೇಕಾದರೂ ಆಕಾಶದಲ್ಲೇ ಹಾರಾಟ ಶುರು ಮಾಡಬಹುದು. ಶರಾವತಿಯ ಹಿನ್ನೀರಿನ ಮೇಲೆ ಬಂದೆವು. ಅತ್ತೆ ಕಡೆಯವರ ಊರು, ಗುಡ್ಡ, ಕೆರೆ. ಅಡಿಕೆ ಮರಗಳ ಬದಲು ಯಾವುದೋ ದುಂಡನೆಯ ಮರಗಳು, ನಮ್ಮ ಹಂಚಿನ ಮನೆಯಿದ್ದಲ್ಲಿ ಯಾರದೋ ಎರಡಂತಸ್ತಿನ ಮನೆ. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಅವರ ಕಣ್ಣು ನೆಲದ ಚಿತ್ರದ ಮೇಲಿತ್ತು.

“ಒಂಚೂರು ಕೆಳಗೆ ತಗೊಳ್ಳೇ. ಇನ್ನೂ ಕೆಳಗೆ. ತೋಟದ ಆ ಮೂಲೆ ನೋಡು, ಬೇಲಿ ಗೆರೆ ಸೊಟ್ಟಗಿದೆ! ಆಚೆಮನೆಯವರು ಒತ್ತಿದ್ದಾರೆ!”

ಇನ್ನೂ ಕೆಳಗೆ ತಂದೆ. ವಿಮಾನ ಬೆಟ್ಟಕ್ಕೆ ಹೊಡೆಯಿತು. ಅತ್ತೆ ಅಷ್ಟರಲ್ಲೇ ನನ್ನ ಫೋನು ತೆಗೆದುಕೊಂಡಾಗಿತ್ತು. ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಗಿನ ಆರೂವರೆ. ಮೈದುನ ಕೊಟ್ಟಿಗೆಯಿಂದಲೇ ಮಾತಾಡಿದ. ಸ್ಪೀಕರಿನಲ್ಲಿ ಎಲ್ಲ ಕೇಳುತ್ತಿತ್ತು.

“ಅಮ್ಮ, ಆ ಬೇಲಿ ಅವರದ್ದಲ್ಲ. ಹಂದಿ ಕಾಟಕ್ಕೆ ನಾನೇ ಹಾಕಿಸಿದ್ದು.”

“ಅದು ಆ ಕಡೆಗೆ ಸೊಟ್ಟಗಿದೆಯಲ್ಲೋ?”

“ಸ್ವಲ್ಪ ಆಚೆಗೆ ಹೋಗಿದೆ. ಅವರಿನ್ನೂ ನೋಡಿಲ್ಲ.”

ಅತ್ತೆ ಫೋನು ಇಟ್ಟರು. ಬೆಟ್ಟಕ್ಕೆ ಹೊಡೆದು ನಿಂತ ಪರದೆಯನ್ನೇ ಒಂದು ಗಳಿಗೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಆಚೆಮನೆಯವರ ಮೊಮ್ಮಗ ಡಲ್ಲಾಸ್‌ನಲ್ಲಿದ್ದಾನಲ್ಲ, ಅವನ ಹತ್ರ ಈ ಆಟ ಇದೆಯೇನೇ?”