ಶ್ರೀಮಾನ್ ಸರಾಸರಿಯವರಿಗೆ ಒಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಸರಾಸರಿಯವರು,
ಆಂಟಿಬಯೋಗ್ರಾಂ ವಿಭಾಗ, ದೇಶದ ಹಲವು ಆಸ್ಪತ್ರೆಗಳು

ವಿಷಯ: ಐಸಿಯುವಿನಿಂದ ತಮ್ಮನ್ನು ಕರ್ತವ್ಯಮುಕ್ತಗೊಳಿಸುವ ಕುರಿತು.

ಮಾನ್ಯರೇ,

ಯಾವ ಬ್ಯಾಕ್ಟೀರಿಯಾಕ್ಕೆ ಯಾವ ಆಂಟಿಬಯೋಟಿಕ್ ಇನ್ನೂ ನಾಟುತ್ತದೆಂದು ತಿಳಿಸುವ ಆಂಟಿಬಯೋಗ್ರಾಂ ಎಂಬ ವಾರ್ಷಿಕ ಪಟ್ಟಿಯಲ್ಲಿ ತಾವೊಬ್ಬರೇ ರಾರಾಜಿಸುವುದನ್ನು ಕಂಡು ಧನ್ಯನಾದೆ. ಒಪಿಡಿಗೆ ನಡೆದು ಬಂದವರು, ವಾರ್ಡಿನಲ್ಲಿ ಮಲಗಿದವರು, ವೆಂಟಿಲೇಟರ್ ಮೇಲಿರುವವರು, ನಿನ್ನೆ ಹುಟ್ಟಿದ ಕೂಸುಗಳು, ಎಲ್ಲರಿಗೂ ಒಂದೇ ಅಂಕಿ! ಇಂಥ ಸಮಾನತೆ ಬಿಲ್ಲಿಂಗ್ ಕೌಂಟರಿನಲ್ಲೂ ಸಿಕ್ಕಿರಲಿಲ್ಲ.

ತಮ್ಮ ಕೈಚಳಕ ಓದುಗರಿಗೂ ತಿಳಿಯಲಿ. ನೂರು ರೋಗಿಗಳ ಮಾದರಿಯಲ್ಲಿ ಕ್ಲೆಬ್ಸಿಯೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಿತು ಎಂದಿಟ್ಟುಕೊಳ್ಳೋಣ. ಒಪಿಡಿಯ 80ರಲ್ಲಿ 72 ಮೆರೊಪೆನೆಮ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗಿದವು. ಐಸಿಯುವಿನ 20ರಲ್ಲಿ ಬಗ್ಗಿದ್ದು ನಾಲ್ಕೇ. ತಾವು ನಡುವೆ ಬಂದು ರಾಜಿ ಮಾಡಿಸಿ ‘ಶೇ 76’ ಎಂದು ಬರೆದಿರಿ. ಅದನ್ನು ನಂಬಿ ಐಸಿಯುವಿನಲ್ಲಿ ಅದೇ ಔಷಧ ಏರಿಸಿದರೆ ಐವರಲ್ಲಿ ನಾಲ್ವರಿಗೆ ಅದು ಬರೀ ನೀರು. ಇಡೀ ಕಟ್ಟಡದ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿದ್ದು ಅವರ ಮಂಚದ ಲೆಕ್ಕ ಮಾತ್ರ.

ಐಸಿಯುವಿನಲ್ಲಿ ಬಲವಾದ ಔಷಧಗಳು ಹಗಲೂ ರಾತ್ರಿ ಹರಿಯುತ್ತವೆ. ಸಾಯುವ ಬ್ಯಾಕ್ಟೀರಿಯಾ ಸತ್ತು, ಸಾಯದವು ಸಂಸಾರ ಹೂಡುತ್ತವೆ; ಟ್ಯೂಬು, ಕ್ಯಾತಿಟರ್, ತೊಳೆಯದ ಕೈಗಳ ಮೂಲಕ ಮಂಚದಿಂದ ಮಂಚಕ್ಕೆ ಹೊರಡುತ್ತವೆ. ಇವನ್ನು ಒಪಿಡಿಯ ಸಾಧು ಬಂಧುಗಳ ಜೊತೆ ಒಂದೇ ಪಡಿತರ ಚೀಟಿಗೆ ಸೇರಿಸಿದ ಕೀರ್ತಿ ತಮ್ಮದು.

ತಮ್ಮ ವಿರುದ್ಧ ಪಿತೂರಿಯೂ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಲ್ಲಿ ಆರಂಭಿಸಿದ ಔಷಧ ನಿರೋಧದ ನಿಗಾ ಜಾಲದ ವರದಿಗಳಲ್ಲಿ ಒಪಿಡಿ, ವಾರ್ಡು, ಐಸಿಯು ಎಂದು ಬೇರೆ ಬೇರೆ ಕಾಲಂಗಳಿವೆ. ಒಬ್ಬ ರೋಗಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಎಷ್ಟು ಸಲ ಸಿಕ್ಕರೂ ಮೊದಲನೆಯದನ್ನಷ್ಟೇ ಎಣಿಸಿ, ವರ್ಷಕ್ಕೆ ಅಂಥ 30 ಮಾದರಿ ಸಿಗದ ಘಟಕದಲ್ಲಿ ಹಿಂದಿನ ವರ್ಷದ್ದನ್ನೂ ಕೂಡಿಸಿ ಎಂದು ಬಲ್ಲವರು ತಲೆ ತಿನ್ನುತ್ತಾರೆ. ಇಷ್ಟೆಲ್ಲ ರಗಳೆ ಯಾರಿಗೆ ಬೇಕು? ತಪಾಸಣೆಯವರು ಬಂದ ದಿನ ಗೋಡೆಯ ಮೇಲೆ ಬಣ್ಣಬಣ್ಣದ ಪಟ್ಟಿಯೊಂದು ಇದ್ದರಾಯಿತು.

ಹಾಗಂತ ನಾವು ಸಿಟ್ಟೇ ಬಾರದವರೇನಲ್ಲ. ಎನ್‌ಡಿಎಂ-1 ಎಂಬ ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟರೆಂದು 2010ರಲ್ಲಿ ದೇಶಕ್ಕೆ ದೇಶವೇ ಕೆರಳಿತ್ತು. ಮೆರೊಪೆನೆಮ್‌ನಂಥ ಔಷಧವನ್ನೇ ಒಡೆದುಹಾಕುವ ಆ ಕಿಣ್ವ ನಮ್ಮ ಯಾವ ವಾರ್ಡಿನಲ್ಲಿ ಎಷ್ಟಿದೆ ಎಂದು ಕೇಳಬೇಕಾದಾಗ ಮಾತ್ರ ಗಂಟಲು ಕಟ್ಟಿತು.

ಆದಕಾರಣ ತಮ್ಮನ್ನು ಆಸ್ಪತ್ರೆಯ ಕ್ಯಾಂಟೀನಿಗೆ ವರ್ಗಾಯಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರಿದ್ದೇನೆ. ಅಲ್ಲಿ ಇಡ್ಲಿ ಸರಾಸರಿ ಶೇ 76 ಬೆಂದಿದ್ದರೂ ಯಾರ ಜೀವವೂ ಹೋಗುವುದಿಲ್ಲ.

ಇಂತಿ ತಮ್ಮ ವಿಧೇಯ,
ಪ್ರಯೋಗಾಲಯದಲ್ಲಿ ಕಲ್ಚರ್ ಪ್ಲೇಟು ಓದುವವನು

ಪ್ರತಿ: ಐಸಿಯು ರಾತ್ರಿ ಪಾಳಿಯ ವೈದ್ಯರಿಗೆ. ಆಂಟಿಬಯೋಟಿಕ್ ಏರಿಸುವ ಮುನ್ನ ಕಲ್ಚರಿಗೆ ರಕ್ತ ತೆಗೆದು ಕಳಿಸಿ, ಚೀಟಿಯಲ್ಲಿ ಘಟಕದ ಹೆಸರನ್ನು ಮರೆಯದೆ ಬರೆಯಿರಿ. ‘ವಾರ್ಡ್’ ಎಂಬ ಕಾಲಂ ಖಾಲಿ ಬಿಟ್ಟರೆ ಸರಾಸರಿಯವರು ಅಲ್ಲೇ ಬಂದು ಕೂರುತ್ತಾರೆ.