ಕರೆಂಟು ಬಿಟ್ಟಿ, ಮಿಣುಕು ತುಟ್ಟಿ

ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರಿಂದೀಚೆಗೆ, ನಮ್ಮ ಮನೆಯ ಕರೆಂಟ್ ಬಿಲ್ಲು ಸೊನ್ನೆ. ಮೀಟರ್ ಓದುವವನು ಚೀಟಿಯನ್ನು ಗೇಟಿಗೆ ಸಿಕ್ಕಿಸಿ ಹೋದರೆ ಅದನ್ನು ಎತ್ತಿ ನೋಡುವವರೂ ಇಲ್ಲ. ನಮ್ಮ ಈ ನೆಮ್ಮದಿಯನ್ನು ನಡುಮನೆಯ ಟ್ಯೂಬ್‌ಲೈಟಿಗೆ ನೋಡಲಾಗಲಿಲ್ಲವೆಂದು ಕಾಣುತ್ತದೆ. ಸಂಜೆ ಏಳು ಹೊಡೆಯುತ್ತಿದ್ದಂತೆ ಪಿಳಿಪಿಳಿ ಮಿಣುಕಲು ಶುರುವಿಟ್ಟುಕೊಂಡಿತು.

ಮೊದಲೆಲ್ಲ ಇದಕ್ಕೊಂದು ಕ್ರಮವಿತ್ತು. ಸ್ಟೂಲ್ ಹತ್ತಿ ಸ್ಟಾರ್ಟರನ್ನು ಒತ್ತಿ ಕಾಲು ಸುತ್ತು ತಿರುಗಿಸುವುದು. ಜಗ್ಗದಿದ್ದರೆ ಟ್ಯೂಬನ್ನೇ ಒಂದಿಷ್ಟು ಉರುಳಿಸುವುದು. ಅದಕ್ಕೂ ಬಗ್ಗದಿದ್ದರೆ ಬಚ್ಚಲುಮನೆಯ ಸ್ಟಾರ್ಟರ್ ಕಿತ್ತು ತಂದು ಇಲ್ಲಿಗೆ ಹಾಕಿ, ಬಚ್ಚಲನ್ನು ಕತ್ತಲಲ್ಲಿಡುವುದು. ಕಟ್ಟಕಡೆಗೆ "ಚೋಕ್ ಹೋಗಿದೆ" ಎಂದು ಘೋಷಿಸುವ ಅಧಿಕಾರ ಮನೆಯ ಹಿರಿಯ ಗಂಡಸಿಗೆ ಮೀಸಲು. ಸ್ಟಾರ್ಟರಿನೊಳಗೆ ಇದ್ದದ್ದಾದರೂ ಏನು? ಪುಟ್ಟ ಗಾಜಿನ ಬುರುಡೆ, ಅದರೊಳಗೆ ಬಿಸಿಗೆ ಬಾಗುವ ಒಂದು ಲೋಹದ ಪಟ್ಟಿ. ಅಷ್ಟನ್ನು ನೆಚ್ಚಿಕೊಂಡು ನಮ್ಮ ಅಪ್ಪಂದಿರು ಮನೆಯಲ್ಲಿ ಇಂಜಿನಿಯರುಗಳಾಗಿ ಮೆರೆದರು. ಎಲ್‌ಇಡಿ ಬಂದು ಆ ವಿದ್ಯೆಯೆಲ್ಲ ಮಣ್ಣುಪಾಲು. ಅದರಲ್ಲಿ ತಿರುಗಿಸಲು ಏನೂ ಇಲ್ಲ. ಕೆಟ್ಟರೆ ಬಿಸಾಡು, ಹೊಸದು ತಾ.

ತಂದೆವು. ಹೊಸದೂ ಮಿಣುಕಿತು. ಅಂಗಡಿಯವನು "ಪೀಸೇ ಡಿಫೆಕ್ಟ್ ಇರ್ಬೇಕು ಸಾರ್" ಎಂದು ಬೇರೆ ಕೊಟ್ಟ. ಅದೂ ಮಿಣುಕಿತು.

ಪಕ್ಕದ ಮನೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದವರಿದ್ದಾರೆ. ಕಾಂಪೌಂಡಿನಾಚೆಯಿಂದಲೇ ವಿಚಾರಣೆಗೆ ತೊಡಗಿದರು: "ಒಂದೇ ಲೈಟೋ, ಮನೆ ಪೂರ್ತಿನೋ? ಮಿಕ್ಸಿ ಹಾಕ್ದಾಗ ಹೆಚ್ಚಾಗುತ್ತೋ?" ಅವರು ಕೇಳಿದ್ದರಲ್ಲಿ ಅರ್ಥವಿತ್ತು. ಒಂದೇ ದೀಪ ಮಿಣುಕಿದರೆ ದೀಪದ್ದೋ ಹೋಲ್ಡರಿನದೋ ತಪ್ಪು. ಒಂದು ಕೋಣೆಯಾದರೆ ಅಲ್ಲಿನ ಸ್ವಿಚ್‌ಬೋರ್ಡು. ಇಡೀ ಮನೆಯಾದರೆ ಮೀಟರಿನ ಕಡೆ ನೋಡಬೇಕು. ಬೀದಿಗೆ ಬೀದಿಯೇ ಮಿಣುಕಿದರೆ 1912ಕ್ಕೆ ಫೋನು ಮಾಡಿ ಕಾಯಬೇಕು. ಪರೀಕ್ಷೆಗೆಂದು ನನ್ನ ಹೆಂಡತಿ ನಾಳೆಯ ಚಟ್ನಿಯನ್ನು ಅಂದೇ ರುಬ್ಬಿದಳು. ಮಿಕ್ಸಿ ಗುರ್ರೆಂದದ್ದೇ ತಡ, ನಡುಮನೆಯದು, ಅಡುಗೆಮನೆಯದು, ದೇವರಮನೆಯ ಪುಟ್ಟ ಬಲ್ಬು ಎಲ್ಲ ಒಟ್ಟಿಗೆ ಮಂಕಾಗಿ ಎದ್ದವು. ರೋಗ ಮನೆಯದ್ದು, ಟ್ಯೂಬಿನದ್ದಲ್ಲ ಎಂದಾಯಿತು. "ಹಂಗಾದ್ರೆ ಆ ಹಳೇ ಟ್ಯೂಬ್ ಯಾಕ್ರೀ ಬಿಸಾಡಿದ್ರಿ?" ಎಂದಳು ಹೆಂಡತಿ. ಮೇಷ್ಟ್ರು ಕೆಮ್ಮಿ ಒಳಗೆ ಹೋದರು.

ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದರೆ "ಇನ್ನರ್ಧ ಗಂಟೆ ಸಾರ್" ಎಂದ. ಈ ಅರ್ಧ ಗಂಟೆ ಮುಗಿಯುವುದು ಸಾಮಾನ್ಯವಾಗಿ ಮಾರನೆಯ ದಿನ ಮಧ್ಯಾಹ್ನ. ಆಗ ಬಂದು ಸ್ವಿಚ್ ಒತ್ತಿದ. ಡಾಕ್ಟರ ಮುಂದೆ ಕೂರಿಸಿದ ಕೂಡಲೇ ಜ್ವರ ಬಿಟ್ಟ ಮಗುವಿನಂತೆ ದೀಪ ನೆಟ್ಟಗೆ, ನಿಶ್ಚಲವಾಗಿ ಉರಿಯಿತು. "ಚೆನ್ನಾಗೇ ಇದೆಯಲ್ಲ ಸಾರ್" ಎಂದವನೇ ವಿಸಿಟಿಂಗ್ ಚಾರ್ಜು 300 ರೂಪಾಯಿ ಎಣಿಸಿಕೊಂಡು ಹೊರಟ.

ಆ ರಾತ್ರಿ ಮಿಣುಕುವ ಬೆಳಕಲ್ಲೇ ಕೂತು ಲೆಕ್ಕ ಹಾಕಿದೆ. 20 ವ್ಯಾಟಿನ ಟ್ಯೂಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 3 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 18 ರೂಪಾಯಿ. ದೀಪ ಚೆನ್ನಾಗಿದೆ ಎಂದು ಹೇಳಿದ್ದಕ್ಕೆ ಕೊಟ್ಟ ದುಡ್ಡಿನಲ್ಲಿ ಆ ದೀಪ 16 ತಿಂಗಳು ಉರಿಯುತ್ತಿತ್ತು! ಇನ್ನೊಂದು ಸಂಗತಿಯೂ ಹೊಟ್ಟೆ ಉರಿಸಿತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಮುಟ್ಟಿಸಿದ ಸೀಮೆ ನಮ್ಮದು. ಅಂಥ ಕರೆಂಟು ಕಾಡು ಮೇಡು ದಾಟಿ ಬಂದು, ನಮ್ಮ ಮೀಟರಿನಿಂದ ನಡುಮನೆಗೆ ಬರುವ ಮೂವತ್ತಡಿಯಲ್ಲಿ ಮುಗ್ಗರಿಸುವುದೆಂದರೇನು?

ಆಮೇಲೆ ಬಂದವನು ಸ್ವಿಚ್‌ಬೋರ್ಡ್ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು, ನಿಟ್ಟುಸಿರಿಟ್ಟು, "ಯಾರು ಸಾರ್ ಈ ವೈರಿಂಗ್ ಮಾಡಿದ್ದು?" ಎಂದ. ಈ ಪ್ರಶ್ನೆ ಕೇಳದ ಎಲೆಕ್ಟ್ರಿಷಿಯನ್ ಇನ್ನೂ ಹುಟ್ಟಿಲ್ಲ. ಹಿಂದಿನವನ ಕೆಲಸ ಮೆಚ್ಚಿಕೊಂಡರೆ ಇವರಿಗೆ ಶಾಕ್ ಹೊಡೆಯುತ್ತದೋ ಏನೋ. "ಹಳೇ ಅಲ್ಯೂಮಿನಿಯಂ ವೈರು. ಮನೆ ಪೂರ್ತಿ ರಿವೈರಿಂಗ್ ಮಾಡಿಸ್ಬಿಡಿ, ಪಾಯಿಂಟ್ ಲೆಕ್ಕ" ಎಂದು ಗೋಡೆಗಳನ್ನು ಎಣಿಸತೊಡಗಿದ. ಫ್ಯಾನು ಒಂದು ಪಾಯಿಂಟು, ಕಾಲಿಂಗ್ ಬೆಲ್ಲು ಒಂದು ಪಾಯಿಂಟು. ಅವನು ದೇವರಮನೆಗೆ ಕಾಲಿಡುವ ಮುಂಚೆ ಕಾಫಿ ಕೊಟ್ಟು ಕಳಿಸಿದೆವು.

ಕೊನೆಗೆ ಸಿಕ್ಕವರು ವಯಸ್ಸಾದವರು, ಟಿವಿಎಸ್ ಮೊಪೆಡ್ಡಿನಲ್ಲಿ ಬಂದರು. ಮಿಣುಕುವ ಹೊತ್ತನ್ನು ಕೇಳಿಕೊಂಡು ಅದೇ ಹೊತ್ತಿಗೆ ಬಂದದ್ದು ಅವರೊಬ್ಬರೇ. ಟ್ಯೂಬಿನತ್ತ ತಲೆಯೆತ್ತಿಯೂ ನೋಡದೆ "ಮೀಟರ್ ಬೋರ್ಡ್ ಎಲ್ಲಿ?" ಎಂದರು. ಮೇನ್ ಆಫ್ ಮಾಡಿ, ಟೆಸ್ಟರ್ ಮುಟ್ಟಿಸಿ ನೋಡಿ, ನ್ಯೂಟ್ರಲ್ ಲಿಂಕಿನ ಮುಚ್ಚಳ ಬಿಚ್ಚಿದರು. ಒಳಗಿಂದ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ ಉದುರಿದವು. ಸ್ಕ್ರೂ ಕಪ್ಪಿಟ್ಟಿತ್ತು. ತಂತಿಯ ಹೊದಿಕೆ ಕಂದಿ, ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. "ಇದು ಸಡಿಲ ಆಗಿತ್ತು ಸಾರ್. ನಿಮ್ದು ಸಿಂಗಲ್ ಫೇಸು, ಮಿಣುಕಿ ಸುಮ್ನಾಯ್ತು. ತ್ರೀ ಫೇಸ್ ಮನೇಲಿ ನ್ಯೂಟ್ರಲ್ ಕಿತ್ಕೊಂಡ್ರೆ 230 ಇರೋ ಕಡೆ 400ರ ಹತ್ರ ಹೋಗುತ್ತೆ. ಟಿವಿ, ಫ್ರಿಜ್ ಎಲ್ಲಾ ಒಂದೇ ಸಲ ಹೊಗೆ." ಸುಟ್ಟ ತುದಿ ಕತ್ತರಿಸಿ, ತಂತಿ ಸುಲಿದು, ಹೊಸ ಲಿಂಕು ಕೂರಿಸಿ ಬಿಗಿದರು. ಮೇನ್ ಹಾಕಿದರು. ಮಿಕ್ಸಿ ತಿರುಗಿತು. ದೀಪ ಅಲುಗಲಿಲ್ಲ.

"ಎಷ್ಟಾಯ್ತು?" ಎಂದೆ.

"ನಿಮಗೆ ತೋಚಿದಷ್ಟು ಕೊಡಿ ಸಾರ್."

ಇದಕ್ಕಿಂತ ದುಬಾರಿಯಾದ ರೇಟು ಜಗತ್ತಿನಲ್ಲಿಲ್ಲ. ಇನ್ನೂರು ಕೊಟ್ಟರೆ ಬರೀ ಸ್ವಿಚ್ ಒತ್ತಿ ಹೋದವನಿಗಿಂತ ಇವರು ಕಡಿಮೆಯಾದರು. ಐನೂರು ಕೊಟ್ಟರೆ ಮುಂದಿನ ಸಲಕ್ಕೂ ಅದೇ ಕಾಯಂ. ನಾನು ಹೆಂಡತಿಯ ಮುಖ ನೋಡಿದೆ, ಅವಳು ಕ್ಯಾಲೆಂಡರ್ ನೋಡುತ್ತಿದ್ದಳು. ಐನೂರರ ನೋಟು ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿ, ಚಪ್ಪಲಿ ಮೆಟ್ಟುತ್ತ ಹಾಗೇ ಕಿವಿಗೊಟ್ಟು ನಿಂತರು.

"ಒಳಗಿನ ಫ್ಯಾನು ಸ್ವಲ್ಪ ಕಿರ್ ಅಂತಿದೆ ಅಲ್ವಾ ಸಾರ್?"

ನನಗೇನೂ ಕೇಳಿಸಲಿಲ್ಲ. ನಾಲ್ಕು ಸಲ ಕೂಗಿದರೂ ಊಟಕ್ಕೆ ಏಳದ ಅಮ್ಮನಿಗೆ ಮಾತ್ರ ಕೋಣೆಯೊಳಗಿದ್ದೂ ಸ್ಪಷ್ಟವಾಗಿ ಕೇಳಿಸಿತು: "ಹೌದಪ್ಪಾ, ಬಂದದ್ದು ಬಂದಿದ್ದೀಯ, ಅದನ್ನೂ ನೋಡ್ಬಿಡು!"